ನೀರಿಲ್ದಿದ್ ಫಾಲ್ಸ್, ಗೊಣಗೋ ಹುಂಜ

ಮಾರ್ಚ್‌ನಲ್ಲಿ ಆನೇಕಲ್ ಹತ್ರದ ಮುತ್ಯಾಲ ಮಡುವು ಫಾಲ್ಸ್‌ಗೆ ಹೊರಟ್ವಿ ಅಂದ್ರೆ ಯಾರಾದ್ರೂ ನಗ್ತಾರೆ, ನೀರು ಎಲ್ಲಿರುತ್ತೆ ಆವಾಗ. ಆದ್ರೂ ನಾನೂ ನಮ್ ಸೋದರಮಾವನೂ ಬೆಳಗ್ಗೆ ಐದಕ್ಕೇ ಬನಶಂಕರಿ ಬಿಟ್ಟು, ಜಿಗಣಿ ದಾಟಿ, ಆನೇಕಲ್‌ನಲ್ಲಿ ಟೀ ಕುಡ್ದು ಅಲ್ಲಿಗೆ ಹೋದ್ವಿ. ಫಾಲ್ಸ್ ಅನ್ನೋ ಜಾಗದಲ್ಲಿ ಬಂಡೆ ಮೇಲೆ ಒಂದು ಒದ್ದೆ ಗೆರೆ, ಅಷ್ಟೇ.

ಮೆಟ್ಲು ಇಳೀತಿದ್ದಾಗ ಕೆಳಗಡೆ ಪೊದೆಯಿಂದ ಕೂಗು ಬಂತು. "ಯಾರ್ದೋ ಮನೆ ಕೋಳಿ ಕಣೋ, ಪಾಪ ಗಂಟ್ಲು ಕಟ್ಟಿದೆ" ಅಂದ್ರು ಮಾವ. ಊರ ಹುಂಜ ಆದ್ರೆ ರಾಗ ಎಳ್ದು ಮುಗಿಸುತ್ತೆ, ಇದು ತುಂಡು ತುಂಡಾಗಿ ಕೂಗಿ ಕೊನೇಲಿ ಮೆತ್ತಗೆ ಎರಡು ಸಲ ಗೊಣಗಿ ಸುಮ್ಮನಾಗುತ್ತೆ. "ಮಾವ, ಅದು ಕಾಡುಕೋಳಿ, ಅಲ್ಲಾಡ್ಬೇಡಿ" ಅಂತ ಅವರ ತೋಳು ಹಿಡ್ಕೊಂಡು ಕೂತೆ.

ಹತ್ತು ನಿಮಿಷ ಆದ್ಮೇಲೆ ಲಂಟಾನ ಪೊದೆ ಬುಡದಿಂದ ತಲೆ ಹೊರಗೆ ಬಂತು. ದೂರದಿಂದ ನೋಡಿದ್ರೆ ಬೂದು ಬಣ್ಣ ಅಷ್ಟೇ, ಬೈನಾಕ್ಯುಲರ್ ಇಟ್ರೆ ಕಥೆನೇ ಬೇರೆ, ಕತ್ತಿನ ಕಪ್ಪು ಗರಿಗಳ ಮೇಲೆಲ್ಲಾ ಹಳದಿ ಅರಗು ತೊಟ್ಟಿಕ್ಕಿಸಿದ ಹಾಗೆ ಚುಕ್ಕಿ, ಬಾಲ ಕುಡುಗೋಲಿನ ಹಾಗೆ ಬಾಗಿ ಬಿಸಿಲಿಗೆ ನೇರಳೆ ಹೊಳಪು. ಒಣ ಎಲೆನ ಎರಡು ಸಲ ಕೆದರೋದು, ಒಂದು ಹೆಜ್ಜೆ ಹಿಂದೆ ಸರಿದು ನೋಡೋದು, ಗೆದ್ದಲೋ ಏನೋ ಸಿಕ್ಕಿದ್ರೆ ಟಕ್ ಅಂತ ಕುಕ್ಕೋದು, ಥೇಟ್ ನಮ್ಮಜ್ಜಿ ಮನೆ ಕೋಳಿ. ಹೇಟೆನೂ ಅಲ್ಲೇ ಇತ್ತು, ಕಂದು ಬಣ್ಣ, ಎದೆ ಮೇಲೆ ಬಿಳಿ ಬಿಳಿ ಹುರುಪೆ ತರ, ಅದು ನಡೆದಾಗ್ಲೇ ಗೊತ್ತಾಗಿದ್ದು. ನೆಲದ ಮೇಲೇ ಮೊಟ್ಟೆ ಇಟ್ಟು ಒಂದೇ ಸಮ ಕಾವು ಕೂರೋದು ಅದೇ, ಆ ಬಣ್ಣ ಇಲ್ದಿದ್ರೆ ಉಳೀತಿತ್ತಾ?

ಈ ಬೂದು ಕಾಡುಕೋಳಿ ಇರೋದು ನಮ್ಮ ದಕ್ಷಿಣ ಭಾರತದ ಕಡೆನೇ ಜಾಸ್ತಿ, ಉತ್ತರದ ಕಾಡಲ್ಲಿ ಕೆಂಪು ಕಾಡುಕೋಳಿ. ಊರ ಕೋಳಿ ಮೂಲ ಆ ಕೆಂಪುದೇ, ಆದ್ರೆ ಚರ್ಮ ಹಳದಿ ಆಗೋ ಜೀನ್ ಮಾತ್ರ ಈ ಬೂದು ಕೋಳಿಯಿಂದ ಬಂದಿದ್ದು ಅಂತ 2008ರಲ್ಲಿ ಒಂದು ಸಂಶೋಧನೆ ಬಂತು. ಮಾವಂಗೆ ಇದನ್ನ ಹೇಳ್ದೆ, ನಂಬ್ಲಿಲ್ಲ.

ಅಷ್ಟರಲ್ಲಿ ಕಾಲೇಜ್ ಹುಡುಗರ ಗುಂಪೊಂದು ಬ್ಲೂಟೂತ್ ಸ್ಪೀಕರ್ ಹಾಕ್ಕೊಂಡು ಇಳೀತು. ಹುಂಜ ಓಡೋದೂ ಇಲ್ಲ, ಕುತ್ತಿಗೆ ನೆಟ್ಟಗೆ ಮಾಡಿ ಒಂದು ಕ್ಷಣ ನಿಂತು ಪೊದೆಯೊಳಗೆ ನುಸುಳಿಬಿಡ್ತು.

ವಾಪಸ್ ಬರ್ತಾ ಜಿಗಣಿ ಹತ್ರ ಚಿಕನ್ ಅಂಗಡಿ ಮುಂದೆ ಮಾವ ಗಾಡಿ ನಿಲ್ಸಿ ಅಂದ್ರು, "ಬಾರೋ, ಆ ಹಳದಿ ಎಲ್ಲಿದೆ ತೋರ್ಸು."