ಹತ್ತರಿಂದ ಹನ್ನೊಂದು

ಗುಡ್ ಫ್ರೈಡೆಯ ಹಿಂದಿನ ದಿನ, ಪವಿತ್ರ ಗುರುವಾರದ ರಾತ್ರಿ ಜಾಗರಣೆಗೆ ನಮ್ಮ ಬೀದಿಯವರಿಗೆ ಸಿಕ್ಕ ಹೊತ್ತು ಹತ್ತರಿಂದ ಹನ್ನೊಂದು. ಕನಕಪುರದ ಕಡೆಯ ನಮ್ಮೂರಿನಲ್ಲಿ ಕ್ರೈಸ್ತರ ಮನೆ ಬಹಳ, ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ರೇಷ್ಮೆ. ಆ ವರ್ಷ ನಮ್ಮ ಹುಳು ಹಣ್ಣಾಗುವುದೂ ಅದೇ ರಾತ್ರಿಗೆ ಬಂತು.

ಹುಳು ಹಣ್ಣಾಗುವ ಹೊತ್ತಿನ ಆತಂಕ ಸಾಕಿದವರಿಗೇ ಗೊತ್ತು. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹೊತ್ತು, ದಾಟಿ, ಆಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ತಿಂದ ಹುಳು ಮೇವು ಬಿಟ್ಟುಬಿಡುತ್ತದೆ. ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣುತ್ತದೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಆಸರೆ ಹುಡುಕುತ್ತದೆ. ಆಗಲೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿ ಸಂದಿಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ನಾವು ಸಾಕಿದ್ದು ನೂರು ಮೊಟ್ಟೆ; ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನೇ ನಾವು ಒಂದು ಮೊಟ್ಟೆ ಎನ್ನುವುದು. ಬಾಡಿಗೆಗೆ ತಂದ 40 ಚಂದ್ರಿಕೆ ಗೋಡೆಗೆ ಒರಗಿ ಕಾಯುತ್ತಿದ್ದವು. ಹಿಂದಿನ ಬೆಳೆ ಹಾಲುತೊಂಡೆ ರೋಗಕ್ಕೆ ಪೂರಾ ಹೋಗಿತ್ತು. ಸಂಘದ ಸಾಲದ ಮೂರು ಕಂತು ಹಾಗೇ ನಿಂತಿತ್ತು.

“ನೀ ಹೋಗ್ಬಾರವ್ವ, ಹುಳ ನಾ ನೋಡ್ಕತೀನಿ” ಎಂದು ಅತ್ತೆಯೇ ನನ್ನನ್ನು ಕಳಿಸಿದರು. ಸಂಜೆಯ ಬಲಿಪೂಜೆಯಲ್ಲಿ, ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ನಮ್ಮ ಪಾದ್ರಿ ಸ್ವಾಮಿಯವರು ಪಾದ ತೊಳೆದ ಹನ್ನೆರಡು ಮಂದಿಯಲ್ಲಿ ಅತ್ತೆಯೂ ಒಬ್ಬರು. 2016ರಲ್ಲಿ ಪೋಪ್ ಫ್ರಾನ್ಸಿಸರು ಆ ವಿಧಿಗೆ ಹೆಂಗಸರನ್ನೂ ಸೇರಿಸಿಕೊಳ್ಳಬಹುದೆಂದು ತಿದ್ದುಪಡಿ ಮಾಡಿದ ಮೇಲೆ ನಮ್ಮಲ್ಲೂ ಅದು ಬಂದಿದೆ. ಹುಳುಮನೆಯ ಸುಣ್ಣ ತುಳಿದು ತುಳಿದು ಬಿರಿದ ಆ ಹಿಮ್ಮಡಿಗಳ ಮೇಲೆ ನೀರು ಬಿದ್ದಾಗ ನನಗೆ ಕಣ್ಣು ತುಂಬಿತ್ತು. ಪೂಜೆ ಮುಗಿದದ್ದೇ ಅವರು ಮನೆಗೆ ಓಡಿದ್ದರು.

ಆ ರಾತ್ರಿ ದೇವಾಲಯವೇ ಬೇರೆ. ಮಹಿಮಾಗೀತೆಯ ಹೊತ್ತಿಗೆ ಬಾರಿಸಿದ ಗಂಟೆ ಇನ್ನು ಪಾಸ್ಕದ, ಅಂದರೆ ಈಸ್ಟರಿನ, ಜಾಗರಣೆಯವರೆಗೆ ಮೌನ. ಪೀಠದ ಮೇಲಿನ ಬಟ್ಟೆ, ಮೇಣದಬತ್ತಿ ಎಲ್ಲ ತೆಗೆದು ಬರಿದು ಮಾಡಿರುತ್ತಾರೆ. ಪ್ರಭುವೇ ಇದ್ದಾರೆಂದು ನಾವು ನಂಬುವ ರೊಟ್ಟಿಯಾದ ಪರಮಪ್ರಸಾದವನ್ನು ಧೂಪದೊಂದಿಗೆ ಮೆರವಣಿಗೆಯಲ್ಲಿ ತಂದು ಪಕ್ಕದ ಪೀಠದಲ್ಲಿಟ್ಟಿದ್ದರು. ಅದರ ಮುಂದೆ ಮಧ್ಯರಾತ್ರಿಯವರೆಗೆ ಬೀದಿಬೀದಿಯವರು ಸರದಿಯಲ್ಲಿ ಕೂರಬೇಕು. ಸೆರೆಸಿಕ್ಕ ಆ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಪ್ರಭು ಯೇಸು ನಿದ್ದೆಹೋದ ಶಿಷ್ಯರನ್ನು ಕೇಳಿದ್ದರಲ್ಲ, ಒಂದು ಗಂಟೆಯಾದರೂ ನನ್ನ ಜೊತೆ ಎಚ್ಚರವಾಗಿರಲು ಆಗಲಿಲ್ಲವೇ ಎಂದು. ಆ ಒಂದು ಗಂಟೆಯೇ ಇದು.

ಮೊಣಕಾಲೂರಿ ಕಣ್ಣು ಮುಚ್ಚಿದೆ. ಕಂಡದ್ದು ಹುಳು. ಕಣ್ಣು ತೆರೆದು ದೀಪ ನೋಡಿದೆ. ಅತ್ತೆಗೆ ಕಣ್ಣು ಮಂಜು, ಹಣ್ಣಾದದ್ದನ್ನೂ ಆಗದ್ದನ್ನೂ ಬೇರೆ ಮಾಡುತ್ತಾರೋ ಇಲ್ಲವೋ. ಜಪಮಾಲೆ ಹಿಡಿದೆ. “ನಮೋ ಮರಿಯಾ” ಬಾಯಲ್ಲಿ, ರಾಮನಗರದ ಗೂಡಿನ ಮಾರುಕಟ್ಟೆಯ ರೇಟು ತಲೆಯಲ್ಲಿ. ಎಷ್ಟನೇ ಮಣಿ ಎಂದೇ ಮರೆತೆ. ಮತ್ತೆ ಮೊದಲಿಂದ ಶುರುಮಾಡಿದೆ. ಎದುರಿಗೆ ಇರುವವರು ಯಾರು, ನಾನು ಎಲ್ಲಿದ್ದೇನೆ ಎಂದು ನನ್ನನ್ನೇ ಗದರಿಸಿಕೊಂಡೆ. ಗದರಿಸಿದಷ್ಟೂ ಮನಸ್ಸು ಬೆದರಿದ ಹಸುವಿನಂತೆ ಹಗ್ಗ ಕಿತ್ತಿತು.

ಆವಿಲಾದ ಸಂತ ತೆರೇಸಾ ನೆನಪಾದರು. 16ನೇ ಶತಮಾನದ ಸ್ಪೇನಿನ ಕಾರ್ಮೆಲ್ ಮಠದ ಆ ತಾಯಿಯನ್ನು ಧರ್ಮಸಭೆ 1970ರಲ್ಲಿ ‘ಸಭೆಯ ಆಚಾರ್ಯೆ’ ಎಂದು ಘೋಷಿಸಿತು. ಅಂಥವರೇ ತಮ್ಮ ಕತೆ ಹೇಳಿಕೊಳ್ಳುವಾಗ ಒಪ್ಪಿಕೊಂಡಿದ್ದಾರೆ: ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತು, ಗಡಿಯಾರ ಯಾವಾಗ ಹೊಡೆದೀತು ಎಂದು ವರ್ಷಗಟ್ಟಲೆ ಕಿವಿಗೊಟ್ಟು ಕೂತಿರುತ್ತಿದ್ದರಂತೆ. ಆದರೂ ಅವರು ಆ ಜಾಗ ಬಿಟ್ಟು ಏಳಲಿಲ್ಲ. ನನಗೆ ಅವರ ದರ್ಶನಗಳಿಗಿಂತ ಈ ಸಂಗತಿಯೇ ದೊಡ್ಡದು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಆರಂಭದಲ್ಲಿ ಪಾಪನಿವೇದನೆಗೆ ಹೋದಾಗಲೂ ಇದನ್ನೇ ಹೇಳಿಕೊಂಡಿದ್ದೆ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಸ್ವಾಮಿ ಅಂತ. ಅವರು ಬೈಯಲಿಲ್ಲ. “ಬಂದ ಯೋಚನೆಗಳನ್ನ ಅಟ್ಟಿಸ್ಕೊಂಡು ಹೋಗ್ಬೇಡಮ್ಮ. ಅಟ್ಟಿಸ್ಕೊಂಡು ಹೋದ್ರೆ ಅದರ ಬಲೆಗೇ ಬಿದ್ದಂಗೆ. ನಿನ್ನ ಮನಸ್ಸು ಎಲ್ಲಿ ಕಟ್ಟಿಹಾಕ್ಕೊಂಡಿದೆ ಅಂತ ಅದು ತೋರಿಸ್ತದೆ. ಅದನ್ನೇ ದೇವರಿಗೆ ತೋರಿಸು, ತಿರುಗಿ ಬಾ” ಎಂದಿದ್ದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೇ ಈ ಮಾತಿದೆ ಎಂದು ಆಮೇಲೆ ತಿಳಿಯಿತು.

ಹೇಳಿದೆ. ನಾಚಿಕೆ ಬಿಟ್ಟು ಹೇಳಿದೆ. ಪ್ರಭು, ಹುಳು ಹಣ್ಣಾಗಿವೆ. ಮೂರು ಕಂತು ಬಾಕಿ ಇದೆ. ಅತ್ತೆಗೆ ಕಣ್ಣು ಕಾಣುವುದಿಲ್ಲ. ಮಗಳ ಕಾಲೇಜಿಗೆ ಜೂನ್‌ನಲ್ಲಿ ದುಡ್ಡು ಬೇಕು. ಒಂದೊಂದೇ ಹೇಳುತ್ತಾ ಹೋದ ಹಾಗೆ ಹೇಳುವುದು ಮುಗಿದುಹೋಯಿತು. ಆಮೇಲೆ ಸ್ವಲ್ಪ ಹೊತ್ತು, ಐದು ನಿಮಿಷವೋ ಹತ್ತೋ, ನಾನು ಅಲ್ಲಿದ್ದೆ. ದೀಪ ಇತ್ತು, ನಾನಿದ್ದೆ, ಅವರಿದ್ದರು.

ಮತ್ತೆ ಮನಸ್ಸು ಹೋಯಿತು. ಆಗಲೇ, ಎಷ್ಟು ಸಲ ಕೇಳಿದ್ದರೂ ಗಮನಿಸದಿದ್ದ ಒಂದು ವಿಷಯ ಹೊಳೆಯಿತು. ಗೆತ್ಸೆಮನೆಯಲ್ಲಿ ಶಿಷ್ಯರಾದ ಪೇತ್ರನಾಗಲಿ ಯೊವಾನ್ನನಾಗಲಿ ಎದ್ದು ಪ್ರಭುವಿನ ಹತ್ತಿರ ಹೋಗಲಿಲ್ಲ. ಬೆವರು ರಕ್ತದ ಹನಿಗಳಂತೆ ಬೀಳುತ್ತಿದ್ದ ಸಂಕಟದಲ್ಲೂ ಪ್ರಭುವೇ ಎದ್ದು ಬಂದರು. ಒಂದು ಸಲವಲ್ಲ, ಮೂರು ಸಲ. ನಿದ್ದೆಹೋದವರ ಹತ್ತಿರ, ಅದೇ ಜಾಗಕ್ಕೆ. ಮನಸ್ಸನ್ನು ನಾನೇ ಎಳೆದು ತಂದು ದೇವರ ಮುಂದೆ ಕೂರಿಸಬೇಕು ಎಂದು ಇಷ್ಟು ವರ್ಷ ಹೆಣಗಿದ್ದೆ. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಬಂದು ನಿಂತಿರುತ್ತಾರೆ ಎಂದು ನನಗೆ ಯಾಕೆ ಹೊಳೆದಿರಲಿಲ್ಲವೋ. ಮೂರನೆಯ ಸಲ ಅವರಂದದ್ದು, ಏಳಿ, ಹೋಗೋಣ ಎಂದು. ನೀವು ಇಲ್ಲೇ ಮಲಗಿರಿ ಎಂದು ಬಿಟ್ಟು ಹೋಗಲಿಲ್ಲ.

ಹನ್ನೊಂದಕ್ಕೆ ಮುಂದಿನ ಬೀದಿಯವರು ಬಂದರು. ಎದ್ದು ಮನೆಗೆ ನಡೆದೆ.

ಹುಳುಮನೆಯ ಬಾಗಿಲಲ್ಲೇ ಅತ್ತೆ ತಡೆದರು. “ಧೂಪದ ವಾಸ್ನೆ ಹೊಡೀತದೆ, ಮೈ ತೊಳ್ಕಂಡು ಸೀರೆ ಬದಲಾಯ್ಸ್ಕಂಡು ಬಾ.” ಹುಳುವಿಗೆ ಹೊಗೆಯಾಗಲಿ ಘಾಟಾಗಲಿ ಆಗದು, ಊದುಬತ್ತಿಯನ್ನೂ ಆ ಕಡೆ ಹಚ್ಚುವುದಿಲ್ಲ. ಬಚ್ಚಲಲ್ಲಿ ತಣ್ಣೀರು ಸುರಿದುಕೊಳ್ಳುವಾಗ ದೇವಾಲಯದ ಆ ವಾಸನೆ ಹೋಗುತ್ತದಲ್ಲ ಎಂದು ಒಂದು ಗಳಿಗೆ ಹೊಟ್ಟೆ ಚುರುಕ್ ಎಂದಿತು. ಹಳೇ ಸೀರೆ ಸುತ್ತಿಕೊಂಡು, ಕೈ ತೊಳೆದು ಒಳಗೆ ಹೋದೆ.

ಅತ್ತೆ ಹಣ್ಣು ಹುಳುಗಳನ್ನು ಕಣ್ಣಲ್ಲಲ್ಲ, ಬೆರಳಲ್ಲೇ ಗುರುತು ಹಿಡಿದು ಆಯುತ್ತಿದ್ದರು. ಹನ್ನೆರಡು ಚಂದ್ರಿಕೆ ಆಗಲೇ ತುಂಬಿಸಿದ್ದರು. ಒಂದು ಚಂದ್ರಿಕೆಗೆ ಸಾವಿರ ಹುಳುವಿನ ಲೆಕ್ಕ. ನಾನೂ ಕೂತೆ. ಜಪಮಾಲೆ ಕೈಯಲ್ಲಿಲ್ಲ, ಬೆರಳೆಲ್ಲ ಹುಳು. ಒಂದು ಬೊಗಸೆಗೆ ಒಂದು “ನಮೋ ಮರಿಯಾ” ಎಂದುಕೊಂಡೆ. ನನ್ನ ತುಟಿ ಆಡುವುದನ್ನು ನೋಡಿದರೋ ಏನೋ, ಅತ್ತೆ ಉಳಿದರ್ಧವನ್ನು ಜೋರಾಗಿ ಹೇಳತೊಡಗಿದರು. ನಡುವೆ “ಆ ಮೂಲೆ ನೋಡು” ಎಂದರು, “ಚಂದ್ರಿಕೆ ಸರಿ ಮಾಡು” ಎಂದರು, ಮತ್ತೆ ಬಿಟ್ಟಲ್ಲಿಂದ ಹಿಡಿದರು. ರೇಟಿನ ಯೋಚನೆ ಬಂದೇ ಬಂತು. ಬಂದಾಗ, ಇದೂ ನಿನ್ನದೇ ಪ್ರಭು ಎಂದು ಮುಂದಿನ ಬೊಗಸೆಗೆ ಕೈ ಹಾಕಿದೆ.

ಹಿಂದಿನ ದಿನದವರೆಗೆ ಆ ಕೋಣೆಯಲ್ಲಿ ಸೋನೆ ಮಳೆಯಂತೆ ಸೊಪ್ಪು ತಿನ್ನುವ ಸದ್ದು. ಬೆಳಗಿನ ಜಾವಕ್ಕೆ ಅದು ಪೂರ್ತಿ ನಿಂತಿತ್ತು. ಚಂದ್ರಿಕೆಗಳ ತುಂಬ ಹುಳುಗಳು ತಲೆ ಆಡಿಸುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಬಿಡುತ್ತಿದ್ದವು. ಅತ್ತೆ ಬಾಗಿಲ ಬಳಿ ಗೋಡೆಗೊರಗಿ ನಿದ್ದೆ ಹೋಗಿದ್ದರು. ಬೀದಿಯಲ್ಲಿ ಹುಡುಗರು ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾ ಶಿಲುಬೆ ಹಾದಿಗೆ ಕರೆಯುತ್ತಿದ್ದರು. ಅತ್ತೆಯ ಮೇಲೊಂದು ದುಪಟಿ ಹೊದಿಸಿ, ಸೊಪ್ಪಿನ ವಾಸನೆಯ ಅದೇ ಸೀರೆಯಲ್ಲಿ ಹೊರಗೆ ಬಂದೆ.