ಜನವರಿ 1ರ ಗೆರೆ: ಮನ್‌ಸ್ಟರ್ ಮೈನರ್ ಹರ್ಲಿಂಗ್‌ನ ಕಥೆ

ಐರ್ಲೆಂಡಿನ ದಕ್ಷಿಣದ ಪ್ರಾಂತ್ಯ ಮನ್‌ಸ್ಟರ್. ಅಲ್ಲಿನ ಎಳೆಯರ ಹರ್ಲಿಂಗ್ ಚಾಂಪಿಯನ್‌ಷಿಪ್ಪಿಗೆ 'ಮೈನರ್' ಎಂದು ಹೆಸರು. 1928ರಿಂದ ಗೆದ್ದವರ ಪಟ್ಟಿ ತೆಗೆದು ನೋಡಿದರೆ ಒಂದೇ ಟೂರ್ನಿ ಇಷ್ಟೂ ವರ್ಷ ನಡೆದು ಬಂದಂತೆ ಕಾಣುತ್ತದೆ. ಆದರೆ 2017ರವರೆಗೆ ಅದು ಹದಿನೆಂಟರ ಒಳಗಿನವರದು, 2018ರಿಂದ ಹದಿನೇಳರ ಒಳಗಿನವರದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಪೋಣಿಸಿ ದಾಖಲೆ ಹೋಲಿಸುವವರಿಗೆ ಈ ವ್ಯತ್ಯಾಸ ಬಹಳ ಸಲ ಮರೆತೇಹೋಗಿರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಂಡಕ್ಕೆ 15 ಜನ. ಕೈಯಲ್ಲಿ ಆಷ್ ಮರದ ಕೋಲು, ಅದರ ಚಪ್ಪಟೆ ತುದಿ 13 ಸೆಂ.ಮೀ.ಗಿಂತ ಅಗಲ ಇರಬಾರದು. ಚೆಂಡಿನ ತೂಕ 110ರಿಂದ 120 ಗ್ರಾಂ. ನೆಲದ ಮೇಲಿನ ಚೆಂಡನ್ನು ನೇರ ಕೈಯಿಂದ ಎತ್ತುವಂತಿಲ್ಲ, ಕೋಲಿನಿಂದಲೋ ಕಾಲಿನಿಂದಲೋ ಎತ್ತಬೇಕು. ಕೈಗೆ ಬಂದ ಮೇಲೆ ನಾಲ್ಕು ಹೆಜ್ಜೆ ಮಾತ್ರ. ಅಡ್ಡಪಟ್ಟಿಯ ಮೇಲಿಂದ ಹೋದರೆ 1 ಅಂಕ, ಕೆಳಗೆ ಬಲೆಗೆ ಹೋದರೆ ಗೋಲು, ಅಂದರೆ 3. ಹಾಗಾಗಿ ಸ್ಕೋರನ್ನು 2-17 ಎಂದು ಬರೆದಿದ್ದರೆ ಎರಡು ಗೋಲು, ಹದಿನೇಳು ಅಂಕ, ಒಟ್ಟು 23. ಹಿರಿಯರ ಅಂತರ-ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಪಂದ್ಯ 70 ನಿಮಿಷ, ಮೈನರ್ ಪಂದ್ಯ 60.

ಮನ್‌ಸ್ಟರ್‌ನಲ್ಲಿ ಆರು ಕೌಂಟಿ: ಕಾರ್ಕ್, ಟಿಪ್ಪರರಿ, ಲಿಮರಿಕ್, ಕ್ಲೇರ್, ವಾಟರ್‌ಫರ್ಡ್, ಕೆರಿ. ಕೆರಿಯದು ಫುಟ್‌ಬಾಲ್ ಸೀಮೆ, ಹಾಗಾಗಿ ಹರ್ಲಿಂಗ್‌ನ ಲೆಕ್ಕ ಸಾಮಾನ್ಯವಾಗಿ ಐದು ಕೌಂಟಿಗಳದ್ದು. 1928ರಲ್ಲೇ ಅಖಿಲ ಐರ್ಲೆಂಡ್ ಮೈನರ್ ಕೂಡ ಶುರುವಾಯಿತು, ಪ್ರಾಂತ್ಯ ಗೆದ್ದವರು ಅಲ್ಲಿಗೆ ಹೋಗುತ್ತಿದ್ದರು. ಮೊದಲ ವರ್ಷ ಕಾರ್ಕ್ ಎರಡನ್ನೂ ಗೆದ್ದಿತು, ಫೈನಲ್‌ನಲ್ಲಿ ಡಬ್ಲಿನ್ ಜತೆ ಡ್ರಾ ಆಗಿ ಮರುಪಂದ್ಯ ಆಡಿ. 1930ರಲ್ಲಿ ಟಿಪ್ಪರರಿ ಒಂದೇ ವರ್ಷ ಸೀನಿಯರ್, ಜೂನಿಯರ್ (ಇದು ವಯಸ್ಸಿನದಲ್ಲ, ದೊಡ್ಡವರದೇ ಕೆಳ ದರ್ಜೆ), ಮೈನರ್ ಮೂರೂ ಅಖಿಲ ಐರ್ಲೆಂಡ್ ಪ್ರಶಸ್ತಿ ಎತ್ತಿತು. 1942ರಿಂದ 1944ರವರೆಗೆ ಪಟ್ಟಿ ಖಾಲಿ. ಯುದ್ಧಕಾಲದ ಆ ವರ್ಷಗಳಲ್ಲಿ ಪೆಟ್ರೋಲಿಗೂ ರೈಲಿಗೂ ಬರ. ಹಿರಿಯರ ಟೂರ್ನಿಯನ್ನು ಹೇಗೋ ಉಳಿಸಿಕೊಂಡರು, ಹುಡುಗರದ್ದನ್ನು ಕೈಬಿಟ್ಟರು.

ಈಗ ವಯಸ್ಸಿನ ಗೆರೆಗೆ ಬರೋಣ. ಲೆಕ್ಕ ಹಿಡಿಯುವುದು ಆ ವರ್ಷದ ಜನವರಿ 1ರ ವಯಸ್ಸನ್ನು. 2017ರಲ್ಲಿ ಆಡಲು 1999ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕಿತ್ತು. 2018ರಲ್ಲಿ 2001ರ ಜನವರಿ 1 ಅಥವಾ ಆಮೇಲೆ. ಒಂದೇ ವರ್ಷದಲ್ಲಿ ಗೆರೆ ಎರಡು ವರ್ಷ ಮುಂದೆ ಸರಿಯಿತು. ಮಧ್ಯೆ ಸಿಕ್ಕಿಬಿದ್ದವರು 2000ದಲ್ಲಿ ಹುಟ್ಟಿದ ಹುಡುಗರು. ಹಳೆಯ ನಿಯಮ ಉಳಿದಿದ್ದರೆ 2018 ಅವರ ಕೊನೆಯ, ಬಲವಾದ ವರ್ಷ ಆಗುತ್ತಿತ್ತು. ಅದು ಹೋಯಿತು. ಅದಕ್ಕೆಂದೇ 2017ರಲ್ಲಿ ಮೈನರ್ ಜತೆಗೇ ಹದಿನೇಳರ ಒಳಗಿನವರಿಗೆ ಬೇರೆ ಟೂರ್ನಿಯೊಂದನ್ನು ಆ ಒಂದು ಸಲಕ್ಕೆ ಮಾತ್ರ ನಡೆಸಿದರು. ಅದರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕಾರ್ಕ್ ಡಬ್ಲಿನ್ ಅನ್ನು ಸೋಲಿಸಿತು. ಹಳೆಯ ಮಾದರಿಯ ಕೊನೆಯ ಮೈನರ್ ಫೈನಲ್‌ನಲ್ಲೂ ಕಾರ್ಕ್ ಇತ್ತು, ಗಾಲ್ವೇಗೆ 2-17, 2-15ರಿಂದ ಸೋತಿತು. ಪಟ್ಟಿ ಓದುವಾಗ 2017ರ ಈ ಎರಡು ಟೂರ್ನಿಗಳನ್ನು ಕಲಸಿಬಿಡುವವರಿದ್ದಾರೆ.

ಗೆರೆ ಯಾಕೆ ಸರಿಸಿದರು? ನಮ್ಮ ಎರಡನೇ ಪಿಯುಸಿಗೆ ಸಮನಾದ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆ ಬರುವುದು ಜೂನ್‌ನಲ್ಲಿ, ಚಾಂಪಿಯನ್‌ಷಿಪ್ಪಿನ ನಟ್ಟನಡುವೆ. ಜತೆಗೆ ಒಬ್ಬನೇ ಹುಡುಗ ಶಾಲೆ, ಕ್ಲಬ್ಬು, ಕೌಂಟಿ ಮೈನರ್, ಅದರ ಮೇಲಿನ ವಯೋಮಿತಿಯ ತಂಡ ಎಂದು ನಾಲ್ಕಾರು ಕಡೆ ಆಡಿ ಸೊಂಟ, ತೊಡೆಸಂದು ಹಾಳುಮಾಡಿಕೊಳ್ಳುತ್ತಿದ್ದ. ಕಾರಣ ನ್ಯಾಯವಾದದ್ದೇ. ಆದರೂ ತೆತ್ತ ಬೆಲೆ ಸಣ್ಣದಲ್ಲ ಎನ್ನುವುದು ನನ್ನ ಅಭಿಪ್ರಾಯ. ಹದಿನಾರು ಮುಗಿದವನಿಗೂ ಹದಿನೇಳು ಮುಗಿದವನಿಗೂ ಮೈಕಟ್ಟಿನಲ್ಲಿ ಇರುವ ಅಂತರ ದೊಡ್ಡದು. ತಡವಾಗಿ ಬೆಳೆಯುವ ಹುಡುಗ ಈಗ ತಂಡದ ಹೊರಗೇ ಉಳಿಯುತ್ತಾನೆ.

ಹಳಬರನ್ನು ಈಗಿನ ಗೆರೆಗೆ ನಿಲ್ಲಿಸಿ ನೋಡಿ. ಕಾರ್ಕ್‌ನ ಕ್ರಿಸ್ಟಿ ರಿಂಗ್ ಹುಟ್ಟಿದ್ದು 1920ರ ಅಕ್ಟೋಬರ್‌ನಲ್ಲಿ. 1938ರಲ್ಲಿ ಮೈನರ್ ಅಖಿಲ ಐರ್ಲೆಂಡ್ ಗೆದ್ದ, ಮುಂದೆ ಸೀನಿಯರ್‌ನಲ್ಲಿ ಎಂಟು ಪದಕ. ಇಂದಿನ ನಿಯಮದಲ್ಲಿ 1938ಕ್ಕೆ ಅವನು ದೊಡ್ಡವನಾಗಿಬಿಡುತ್ತಿದ್ದ. ಟಿಪ್ಪರರಿಯ ಜಿಮ್ಮಿ ಡಾಯ್ಲ್ ಹುಟ್ಟಿದ್ದು 1939ರಲ್ಲಿ. 1954ರಿಂದ ಸತತ ನಾಲ್ಕು ಮೈನರ್ ಫೈನಲ್ ಆಡಿದ. ಮೊದಲನೆಯದರಲ್ಲಿ ಗೋಲ್‌ಕೀಪರ್ ಆಗಿ ಸೋತ, ಆಮೇಲಿನ ಮೂರನ್ನೂ ಗೆದ್ದ, 1957ರಲ್ಲಿ ನಾಯಕನಾಗಿ. ಈಗಿನ ಗೆರೆ ಹಾಕಿದರೆ ಆ ನಾಯಕತ್ವದ ವರ್ಷವೇ ಮಾಯ.

ಪಂದ್ಯಗಳ ಏರ್ಪಾಡೂ ಬದಲಾಗಿದೆ. ದಶಕಗಟ್ಟಲೆ ಅದು ನಾಕೌಟ್: ಮೇ ತಿಂಗಳಲ್ಲಿ ಒಂದು ಕೆಟ್ಟ ಸಂಜೆ, ವರ್ಷ ಮುಗಿಯಿತು. ಆಮೇಲೆ ಸೋತವರಿಗೂ ಒಂದು ಹಿಂಬಾಗಿಲು ತೆರೆಯಿತು. ಅದರ ವಿಚಿತ್ರ ಫಲ 2013. ಆ ವರ್ಷ ಮನ್‌ಸ್ಟರ್ ಗೆದ್ದದ್ದು ಲಿಮರಿಕ್, ಫೈನಲ್‌ನ ಮರುಪಂದ್ಯದಲ್ಲಿ ವಾಟರ್‌ಫರ್ಡ್ ಅನ್ನು ಸೋಲಿಸಿ. ಆದರೆ ಅಖಿಲ ಐರ್ಲೆಂಡ್ ಗೆದ್ದದ್ದು ಸೋತ ವಾಟರ್‌ಫರ್ಡ್, 1948ರ ನಂತರ ಮೊದಲ ಬಾರಿಗೆ. ಲಿಮರಿಕ್ ಸೆಮಿಫೈನಲ್‌ನಲ್ಲೇ ಗಾಲ್ವೇ ಎದುರು ಹೆಚ್ಚುವರಿ ಸಮಯದಲ್ಲಿ ಬಿತ್ತು. ಕ್ರೋಕ್ ಪಾರ್ಕ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಲಿಮರಿಕ್‌ನ ಒಂದು ಹೊಡೆತ ಕಂಬಗಳ ಒಳಗೆ ಹೋಗಿದ್ದನ್ನು ಚೆಂಡಿನ ಹಾದಿ ಗುರುತಿಸುವ ಹಾಕ್-ಐ ಯಂತ್ರದ ಚಿತ್ರವೇ ತೋರಿಸಿತು, ತೀರ್ಪು ಮಾತ್ರ ಇಲ್ಲ ಎಂದು ಬಂತು. ಮನುಷ್ಯರ ಕೈತಪ್ಪು ಎಂದು ಆಮೇಲೆ ಒಪ್ಪಿಕೊಂಡರು. ಅದೇ ದಿನದ ಸೀನಿಯರ್ ಪಂದ್ಯಕ್ಕೆ ಯಂತ್ರವನ್ನು ಆರಿಸಿಟ್ಟರು, ಹುಡುಗರ ಪಂದ್ಯದ ಫಲಿತಾಂಶ ಹಾಗೇ ಉಳಿಯಿತು.

ಲಿಮರಿಕ್ 2014ರಲ್ಲೂ ಮನ್‌ಸ್ಟರ್ ಮೈನರ್ ಗೆದ್ದಿತು, ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕಿಲ್ಕೆನ್ನಿಗೆ ಸೋತಿತು. ರಾಷ್ಟ್ರಮಟ್ಟದಲ್ಲಿ ಎರಡೂ ವರ್ಷ ಬರಿಗೈ. ಆದರೆ ಕಿಯನ್ ಲಿಂಚ್ ಸೇರಿದಂತೆ ಆ ತಂಡಗಳ ಹುಡುಗರೇ 2018ರ ಸೀನಿಯರ್ ಗೆಲುವಿನಲ್ಲೂ 2020ರಿಂದ 2023ರವರೆಗಿನ ಸತತ ನಾಲ್ಕು ಗೆಲುವಿನಲ್ಲೂ ಇದ್ದರು. ಪ್ರಾಂತ್ಯದ ಪಟ್ಟಿಯನ್ನು ನಾನು ರಾಷ್ಟ್ರದ ಪಟ್ಟಿಗಿಂತ ಹೆಚ್ಚು ನಂಬುವುದು ಇಂಥ ಕಾರಣಕ್ಕೆ.

2018ರಲ್ಲಿ ವಯಸ್ಸಿನ ಜತೆಗೇ ರೌಂಡ್ ರಾಬಿನ್ ಬಂತು: ಐದು ಕೌಂಟಿ, ಪ್ರತಿಯೊಂದಕ್ಕೂ ನಾಲ್ಕು ಪಂದ್ಯ. ಸೋತು ಕಲಿಯುವುದಕ್ಕೆ ಜಾಗ ಸಿಕ್ಕಿತು, ತರಬೇತುದಾರನಿಗೆ ಮೊದಲ ಹದಿನೈದು ಆಟಗಾರರ ಆಚೆಯ ಹುಡುಗರನ್ನೂ ಇಳಿಸುವ ಧೈರ್ಯ ಬಂತು. ಪಟ್ಟಿ ಓದುವವರು ಇನ್ನೊಂದನ್ನು ಗಮನಿಸಬೇಕು: ಕೋವಿಡ್‌ನಿಂದಾಗಿ 2020ರ ಅಖಿಲ ಐರ್ಲೆಂಡ್ ಮೈನರ್ ಫೈನಲ್ ನಡೆದದ್ದು 2021ರ ಜುಲೈನಲ್ಲಿ. ಅದೇ ಬೇಸಿಗೆಯಲ್ಲಿ 2021ರ ಟೂರ್ನಿಯೂ ಮುಗಿದು, ಮನ್‌ಸ್ಟರ್‌ನಿಂದ ಹೋದ ಕಾರ್ಕ್ 2001ರ ನಂತರದ ತನ್ನ ಮೊದಲ ಮೈನರ್ ಪ್ರಶಸ್ತಿ ತಂದಿತು.