ಆ ಬಳೆ ಎಷ್ಟು ಗ್ರಾಂ ಇತ್ತು?

ತಂಜಾವೂರಿನಿಂದ ಬಂದಾಗಿನಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. “ಆ ಬಳೆ ಎಷ್ಟು ಗ್ರಾಂ ಇತ್ತು?”

ಕೇಳಿದ್ದು ನಮ್ಮ ಯಜಮಾನರು. ಮದುವೆಯಾಗಿ 25 ವರ್ಷ ಆಯಿತು, ಎಲ್ಲಾದರೂ ಹೋಗಿ ಬನ್ನಿ ಅಂತ ಮಕ್ಕಳು ಹಟ ಮಾಡಿದ್ದರು. ಅವರು ಹೇಳಿದ್ದು ಸಮುದ್ರ, ರೆಸಾರ್ಟ್. ನನಗೆ ತಂಜಾವೂರಿನ ದೊಡ್ಡ ಗುಡಿ, ಬೃಹದೀಶ್ವರನ ಗುಡಿ ನೋಡಬೇಕಿತ್ತು. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ತಂಜಾವೂರು. ಸ್ನಾನ ಮಾಡಿ, ಕಾಫಿ ಕುಡಿದು ಸೀದಾ ಗುಡಿಗೆ ನಡೆದೆವು.

ಗುಡಿಯ ಬಗ್ಗೆ ನಾನೇನು ಹೇಳಲಿ. ರಾಜರಾಜ ಚೋಳ ಕಟ್ಟಿಸಿದ್ದು, 1010ರಲ್ಲಿ ಮುಗಿದದ್ದು. ಸುಮಾರು 216 ಅಡಿ ಎತ್ತರ. ಸುತ್ತಮುತ್ತ ಎಲ್ಲ ಕಾವೇರಿಯ ಮೆಕ್ಕಲು ಮಣ್ಣು, ಬಂಡೆಯೇ ಇಲ್ಲದ ಊರು. ಅಷ್ಟೂ ಕಲ್ಲು ಹೊರಗಿನಿಂದ ಬಂದದ್ದು. ಅದರ ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಬೀಳುತ್ತದೆ. ಚೆನ್ನಾಗಿಯೇ ಬೀಳುತ್ತದೆ. ಆಮೇಲೆ ನಾವು ಕೂತಿದ್ದು ಆ ನೆರಳಲ್ಲೇ.

ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಒಬ್ಬ ತಾತ ಮಾತ್ರ ಬಗ್ಗಿ ಕೆಳಗೆ ನೋಡುತ್ತಿದ್ದರು. ಬಿಳಿ ಪಂಚೆ, ಕನ್ನಡಕ, ಜೊತೆಗೆ ಹೈಸ್ಕೂಲು ವಯಸ್ಸಿನ ಮೊಮ್ಮಗಳು. ಗುಡಿಯ ಅಡಿಪಾಯದ ಸುತ್ತ ಸಾಲು ಸಾಲು ತಮಿಳು ಅಕ್ಷರ ಕೊರೆದಿದ್ದಾರೆ, ಒಂದಿಷ್ಟೂ ಜಾಗ ಬಿಡದ ಹಾಗೆ. ತಾತ ಕಲ್ಲಿಗೆ ಬೆರಳು ತಾಗಿಸದೆ, ಗಾಳಿಯಲ್ಲೇ ಬೆರಳಾಡಿಸುತ್ತಾ ಅದನ್ನು ಓದಿ ಮೊಮ್ಮಗಳಿಗೆ ಹೇಳುತ್ತಿದ್ದರು. ನಾವು ಪಕ್ಕದಲ್ಲಿ ನಿಂತಿದ್ದು ನೋಡಿ ದನಿ ಸ್ವಲ್ಪ ಏರಿಸಿದರು. ಒಳ್ಳೆ ಮೇಷ್ಟ್ರು ಅವರು, ನಿವೃತ್ತರಾದರೂ ಮೇಷ್ಟ್ರೇ.

“ನಾಂ ಕುಡುತ್ತನವುಂ, ನಂ ಅಕ್ಕನ್ ಕುಡುತ್ತನವುಂ, ನಂ ಪೆಣ್ಡುಗಳ್ ಕುಡುತ್ತನವುಂ...”

ನಮಗೆ ಬಿಡಿಸಿ ಹೇಳುವುದೇ ಬೇಕಾಗಲಿಲ್ಲ. ನಾವು ಕೊಟ್ಟದ್ದು, ನಮ್ಮ ಅಕ್ಕ ಕೊಟ್ಟದ್ದು, ನಮ್ಮ ಹೆಂಡಿರು ಕೊಟ್ಟದ್ದು, ಮತ್ತೂ ಯಾರು ಯಾರು ಕೊಟ್ಟರೋ ಅದು, ಎಲ್ಲವನ್ನೂ ಈ ವಿಮಾನದ, ಅಂದರೆ ಗೋಪುರವಿರುವ ಈ ಗುಡಿಯ, ಕಲ್ಲಿನಲ್ಲಿ ಕೆತ್ತಿ. ಅದು ರಾಜನ ಅಪ್ಪಣೆ. ತನ್ನ ಆಳ್ವಿಕೆಯ 26ನೇ ವರ್ಷದ 20ನೇ ದಿನ, ಅರಮನೆಯ ಸ್ನಾನದ ಚಾವಡಿಯಲ್ಲಿ ಕೂತಿದ್ದಾಗ ಹೀಗೆ ಹೇಳಿದ ಅಂತ ಅದೇ ಶಾಸನ ಹೇಳುತ್ತದೆ.

ಬರೀ ಹೆಸರು ಬರೆದು ಬಿಟ್ಟಿಲ್ಲ. ಅಕ್ಕ ಕುಂದವೈ ಕೊಟ್ಟ ಒಂದೊಂದು ಒಡವೆಗೂ ತೂಕ ಇದೆ. ಕಳಂಜು, ಮಂಜಾಡಿ ಅಂತ ಆ ಕಾಲದ ಚಿನ್ನದ ತೂಕ, ಅದಕ್ಕೂ ಕೆಳಗೆ ಗುಲಗಂಜಿ ಲೆಕ್ಕ. ಮುತ್ತು ಪೋಣಿಸಿದ್ದರೆ ಮುತ್ತು ಎಷ್ಟು ಅಂತ ಎಣಿಕೆ. ತೂಗಿದ ಕಲ್ಲಿಗೂ ಒಂದು ಹೆಸರು, ಆಡವಲ್ಲಾನ್, ಕುಣಿಯುವ ಶಿವನ ಹೆಸರು. ರಾಣಿಯರು ಕೊಟ್ಟದ್ದೂ ಹಾಗೇ. ಸತ್ಯಾಶ್ರಯನನ್ನು ಗೆದ್ದು ತಂದ ಸಂಪತ್ತಿನಿಂದ ಮಾಡಿಸಿದ ಚಿನ್ನದ ಹೂವುಗಳೂ ಪಟ್ಟಿಯಲ್ಲಿವೆ ಅಂತ ತಾತ ಹೇಳಿದಾಗ ಎದೆ ಚುರುಕ್ ಅಂದಿತು. ಆ ಸತ್ಯಾಶ್ರಯ ನಮ್ಮ ಚಾಲುಕ್ಯರ ದೊರೆ. ಲೂಟಿಯ ಚಿನ್ನ ಹೂವಾದರೂ ಲೂಟಿಯೇ. ಆದರೆ ಎಲ್ಲಿಂದ ಬಂತು ಅನ್ನುವುದನ್ನೂ ಮುಚ್ಚಿಡದೆ ಬರೆಸಿದ್ದಾನೆ, ಅದನ್ನು ಒಪ್ಪಬೇಕು.

ಇನ್ನೊಂದು ಕಡೆ 400 ಹೆಂಗಸರ ಹೆಸರಿದೆ. ಗುಡಿಯಲ್ಲಿ ಕುಣಿಯಲು ಬೇರೆ ಬೇರೆ ಊರಿನ ಗುಡಿಗಳಿಂದ ಕರೆಸಿಕೊಂಡವರು. ಯಾವ ಬೀದಿ, ಯಾವ ಸಾಲು, ಎಷ್ಟನೇ ಮನೆ, ಯಾವ ಊರಿನವಳು ಅಂತ ಬರೆದಿದೆ. ಒಬ್ಬೊಬ್ಬರಿಗೆ ವರ್ಷಕ್ಕೆ 100 ಕಲಂ ಭತ್ತ, ಕಲಂ ಅಂದರೆ ಆ ಕಾಲದ ಧಾನ್ಯದ ಅಳತೆ. ಅವರಿಗೆ ಬರುವ ಮನಸ್ಸಿತ್ತೋ ಇಲ್ಲವೋ ಅಂತ ಕಲ್ಲು ಹೇಳುವುದಿಲ್ಲ. ಆ ನೋವು ಇದ್ದೇ ಇದೆ. ಆದರೂ ಸಾವಿರ ವರ್ಷ ಆದ ಮೇಲೆ ಅವರ ಹೆಸರು ಕೂಗಿ ಕರೆಯಬಹುದು. ನನ್ನ ಮುತ್ತಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ತಾತ ಮೊಮ್ಮಗಳನ್ನು ಕರೆದುಕೊಂಡು ಮುಂದೆ ಹೋದರು. ನಾವು ಗುಡಿಯ ಹಿಂದೆ, ನೆರಳಲ್ಲಿ ಕೂತೆವು. ಇವರು ತುಂಬ ಹೊತ್ತು ಮಾತಾಡಲಿಲ್ಲ. ಕಾಲಿಗೆ ಬಿಸಿಲು ತಾಗಿರಬೇಕು ಅಂದುಕೊಂಡೆ. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು.

“ಆ ಬಳೆ ಎಷ್ಟು ಗ್ರಾಂ ಇತ್ತು?”

ಯಾವ ಬಳೆ ಅಂತ ನಾನು ಕೇಳಲಿಲ್ಲ. ನಮ್ಮ ನಡುವೆ ಇದ್ದದ್ದು ಒಂದೇ ಸೆಟ್ಟು. ಮನೆ ಕಟ್ಟುವಾಗ, ಮೋಲ್ಡ್ ಹಾಕುವ ವಾರ, ದುಡ್ಡು ಸಾಲದೆ ಹೋದಾಗ ಬಿಚ್ಚಿಕೊಟ್ಟ ನಾಲ್ಕು ಬಳೆ.

“ನಲವತ್ತೆಂಟು,” ಅಂದೆ.

“ನಲವತ್ತೆಂಟು,” ಅಂತ ಅವರೂ ಅಂದರು. ಅಷ್ಟೇ.

ಇವರು ಒಳ್ಳೆಯವರು. ಲೆಕ್ಕದ ಮನುಷ್ಯ. ಮನೆ ಕಟ್ಟಿದ ಖರ್ಚಿನ ನೋಟ್‌ಬುಕ್ ಈಗಲೂ ಬೀರುವಿನಲ್ಲಿದೆ. ಸಿಮೆಂಟ್ ಎಷ್ಟು ಮೂಟೆ, ಮರಳು ಎಷ್ಟು ಲೋಡು, ಗಾರೆಯವರ ಟೀ ಕಾಸು, ಎಲ್ಲ ಇದೆ. ಬಂದ ಹಣದ ಪುಟದಲ್ಲಿ ಬ್ಯಾಂಕ್ ಸಾಲ ಅಂತ ಇದೆ, ಪಿಎಫ್ ಅಂತ ಇದೆ, “ಅಪ್ಪ ಕೊಟ್ಟಿದ್ದು” ಅಂತ ಅವರ ದುಂಡಗಿನ ಅಕ್ಷರದಲ್ಲಿ ಇದೆ. ಅದರ ಕೆಳಗೆ “ಇತರೆ” ಅಂತ ಒಂದು ಸಾಲು. ನನ್ನ ಬಳೆ ಆ ಇತರೆಯಲ್ಲಿವೆ. ನನ್ನ ಸಂಬಳದಿಂದ ಪ್ರತಿ ತಿಂಗಳು ಹೋದದ್ದೂ ಅಲ್ಲೇ. ಬೇಕು ಅಂತ ಮಾಡಿದ್ದಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹೆಂಡತಿ ಕೊಟ್ಟದ್ದನ್ನು ಬೇರೆ ಸಾಲಿನಲ್ಲಿ ಬರೆಯಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಆ ರಾಜ “ಮತ್ತೂ ಕೊಟ್ಟವರು” ಅಂದವರನ್ನು ಕೂಡ ಹೆಸರು ಹಿಡಿದು ಬರೆಸಿದ.

ಮಧ್ಯಾಹ್ನ ಅರಮನೆಯ ಆರ್ಟ್ ಗ್ಯಾಲರಿಗೆ ಹೋದೆವು. ಅಲ್ಲಿ ತಿರುವೆಂಗಾಡು ಅನ್ನುವ ಊರಿನ ಕಂಚಿನ ಮೂರ್ತಿಗಳಿವೆ, ಎಷ್ಟೋ ಕಾಲ ಮಣ್ಣಿನಲ್ಲಿ ಹೂತಿದ್ದು ಸಿಕ್ಕವು. ಕಲ್ಯಾಣಸುಂದರನ, ಅಂದರೆ ಮದುಮಗನಾದ ಶಿವನ ಎದುರು ನಾನು ನಿಂತೇಬಿಟ್ಟೆ. ಶಿವ ಪಾರ್ವತಿಯ ಬಲಗೈ ಹಿಡಿದುಕೊಂಡಿದ್ದಾನೆ. ಅವಳ ಮುಖ ಒಂಚೂರು ಬಗ್ಗಿದೆ. ಅವನ ಬೆರಳು ಬಿಗಿಯಾಗಿಲ್ಲ, ಸಡಿಲವೂ ಆಗಿಲ್ಲ. ಬೇರೆ ದಿನ ಆಗಿದ್ದರೆ ನಾಚಿಕೆ ಎಷ್ಟು ಚೆನ್ನಾಗಿ ಬಂದಿದೆ ಅಂತ ನೋಡುತ್ತಿದ್ದೆನೇನೋ. ಅವತ್ತು ನನ್ನ ಕಣ್ಣು ಅವಳ ಮಣಿಕಟ್ಟಿನ ಬಳೆಯ ಮೇಲೇ ನಿಂತಿತ್ತು. ಇವರೂ ಅದನ್ನೇ ನೋಡುತ್ತಿದ್ದರು. “ಒಂದು ಜೊತೆ ಮಾಡಿಸೋಣ ಕಣೆ,” ಅಂದರು. ಬೇಡ ಅಂದೆ. ನನಗೆ ಬಳೆ ಬೇಕಿರಲಿಲ್ಲ. ಎಷ್ಟು ಗ್ರಾಂ ಅಂತ ಕೇಳಿದರಲ್ಲ, ಬೇಕಿದ್ದದ್ದು ಅದೇ. ಇಷ್ಟು ವರ್ಷ ಬೇಕಿತ್ತು ಅಂತ ಅಲ್ಲಿ ತಿಳಿಯಿತು.

ಊರಿಗೆ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿ ಸುಮ್ನೆ ಕೇಳಿದೆ. “ಅಮ್ಮಾ, ನೀನು ಈ ಮನೆಗೆ ಅಂತ ಏನೇನು ಕೊಟ್ಟೆ?”

ಒಂದು ಕ್ಷಣವೂ ಯೋಚಿಸಲಿಲ್ಲ ಅವಳು. “ಬೋರ್‌ವೆಲ್ ಕೊರೆಸೋವಾಗ ಎರಡೆಳೆ ಸರ, ಮೂರು ತೊಲ. ನಿನ್ನ ತಮ್ಮನ ಸೀಟಿಗೆ ಜುಮುಕಿ, ಉಂಗುರ ಎರಡೂ. ಹಸು ಮಾರಿದ್ದು ಬೇರೆ, ಅದು ನನ್ನ ತವರಿಂದ ಬಂದಿದ್ದ ಹಸು.” ಗ್ರಾಂ, ತೊಲ, ವರ್ಷ, ಯಾವ ಅಂಗಡಿ, ಎಲ್ಲ ಬಾಯಲ್ಲಿ. ಯಾರೂ ಬರೆದಿಡದ ಲೆಕ್ಕವನ್ನು ಇಷ್ಟು ವರ್ಷ ತಲೆಯಲ್ಲಿ ಹೊತ್ತುಕೊಂಡೇ ಓಡಾಡಿದ್ದಾಳೆ. ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದದ್ದು “ನಾನು ತೆಗೆಸಿದ ಬೋರು” ಅಂತ.

“ಮತ್ತೆ ನಿನ್ನ ಆ ನಾಲ್ಕು ಬಳೆ,” ಅಂದಳು. “ನಮ್ಮಮ್ಮನ ಕಾಸಿನ ಸರ ಕರಗಿಸಿ ಮಾಡಿಸಿದ್ದು ಕಣೇ ಅದು.”

ಅದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯ ಮೋಲ್ಡ್‌ನಲ್ಲಿ ಅಜ್ಜಿಯೂ ಇದ್ದಾಳೆ. ಇವರಿಗೆ ಹೇಳಿದೆ. ಬೀರು ತೆಗೆದು ಆ ನೋಟ್‌ಬುಕ್ ಈಚೆ ಇಟ್ಟರು. ಇನ್ನೂ ಏನೂ ಬರೆದಿಲ್ಲ. ಬರೆಯಲಿ, ನಾನೇನೂ ಅವಸರ ಮಾಡುವುದಿಲ್ಲ.

ಅಮ್ಮನ ಲೆಕ್ಕಕ್ಕೆ ಮಾತ್ರ ಅವಸರವಿದೆ, ಅವಳಿಗೆ ವಯಸ್ಸಾಯಿತು. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಅವಳು ಹೇಳುತ್ತಾ ಹೋಗಲಿ, ನನ್ನ ಮಗಳು ಬರೆದುಕೊಳ್ಳುತ್ತಾಳೆ. ತಮ್ಮನಿಗೂ ಬಂದು ಕೂತುಕೋ ಅಂತ ಹೇಳಿದ್ದೇನೆ. ಜುಮುಕಿ ಎಷ್ಟಿತ್ತು ಅಂತ ಅವನೇ ಕೇಳಲಿ.